ಕಾಟಾ ಚೀಟಿಯ ಮೂರು ಅಂಕಿಗಳು: ಕಬ್ಬಿನ ಟ್ರೇಲರಿನ ನಿಜವಾದ ತೂಕ ಮತ್ತು ಟ್ರ್ಯಾಕ್ಟರಿನ ಮಿತಿ

ದೀಪಾವಳಿಯ ಆಸುಪಾಸಿನಲ್ಲಿ ಸಕ್ಕರೆ ಕಾರ್ಖಾನೆಗಳ ಹಂಗಾಮು ಆರಂಭವಾಯಿತೆಂದರೆ ಸೊಲ್ಲಾಪುರ, ಅಕ್ಕಲಕೋಟೆ, ಮಂಗಳವೇಢೆ, ಜತ್ತ ಭಾಗದ ರಸ್ತೆಗಳ ರೂಪವೇ ಬದಲಾಗುತ್ತದೆ. ಒಂದು ಟ್ರ್ಯಾಕ್ಟರಿನ ಹಿಂದೆ ಎರಡು ಟ್ರೇಲರುಗಳು, ಅವುಗಳ ಮೇಲೆ ಹಲಗೆಯನ್ನು ಮೀರಿ ಆಳೆತ್ತರ ಹೇರಿದ ಕಬ್ಬು. ನಮ್ಮ ಶಾಲೆಗಳ ಮಕ್ಕಳು ಈ ಬಂಡಿಗಳ ಪಕ್ಕದಲ್ಲಿ ಸೈಕಲ್ ತುಳಿದು ಬರುತ್ತಾರೆ. ಕೆಲವರು ಹೇರಿನ ಮೇಲೆಯೇ ಕುಳಿತು ಬರುವುದೂ ಉಂಟು. ಅವರಲ್ಲಿ ಅನೇಕರ ತಂದೆಯೋ ಅಣ್ಣನೋ ಸ್ಟಿಯರಿಂಗ್ ಹಿಡಿದವನಾಗಿರುತ್ತಾನೆ. ಹೀಗಿರುವಾಗ ತೂಕ, ಬಲ, ಘರ್ಷಣೆ, ಜಡತ್ವ ಎಂಬ ಪಾಠಗಳಿಗೆ ನಾವು ಪಠ್ಯಪುಸ್ತಕದ ಮರದ ತುಂಡನ್ನೂ ಸ್ಪ್ರಿಂಗ್ ತಕ್ಕಡಿಯನ್ನೂ ಮಾತ್ರ ನೆಚ್ಚಿಕೊಳ್ಳಬೇಕಾದ ಅಗತ್ಯವಿಲ್ಲ. ಪ್ರತಿ ಖೇಪಿಗೂ ಕಾರ್ಖಾನೆಯ ಕಾಟಾದಲ್ಲಿ ಒಂದು ಚೀಟಿ ಸಿಗುತ್ತದೆ. ಪಾಠಕ್ಕೆ ಬೇಕಾದ ಅಂಕಿಗಳು ಆ ಚೀಟಿಯಲ್ಲಿವೆ.

ಚೀಟಿಯಲ್ಲಿರುವುದು ಮೂರು ತೂಕಗಳು. ಹೇರು ಸಹಿತ ವಾಹನ ಕಾಟಾದ ಮೇಲೆ ನಿಂತಾಗ ಬಂದದ್ದು ಒಟ್ಟು ತೂಕ. ಕಬ್ಬನ್ನು ಇಳಿಸಿ ಮರಳಿ ನಿಂತಾಗ ಬಂದದ್ದು ಖಾಲಿ ತೂಕ. ಇವೆರಡರ ವ್ಯತ್ಯಾಸ ನಿವ್ವಳ ತೂಕ. ಚೀಟಿ ಮರಾಠಿಯಲ್ಲಿದ್ದರೂ ‘ನಿವ್ವಳ’ ಎಂಬ ಶಬ್ದವನ್ನು ಮಕ್ಕಳು ಗುರುತಿಸಬಲ್ಲರು, ಅದು ಎರಡೂ ಭಾಷೆಗಳಿಗೆ ಸೇರಿದ್ದು. ಮನೆಯಲ್ಲಿ ‘ವಜನ’ ಎನ್ನುವ ಮಗು ಪುಸ್ತಕದ ‘ತೂಕ’ವನ್ನು ಹೊಸ ಶಬ್ದವೆಂದು ತಿಳಿಯದಂತೆ ಎರಡನ್ನೂ ಕಪ್ಪುಹಲಗೆಯ ಮೇಲೆ ಜೊತೆಯಾಗಿ ಬರೆಯುವುದು ಒಳಿತು.

ಈ ಮೂರರಲ್ಲಿ ಎಲ್ಲರೂ ಓದುವುದು ನಿವ್ವಳ ತೂಕವನ್ನು ಮಾತ್ರ. ರೈತನ ಬಿಲ್ಲು, ಕಡಿಯುವ ಟೋಳಿಯ ಕೂಲಿ, ಸಾಗಣೆಯ ಬಾಡಿಗೆ ಎಲ್ಲವೂ ನಿವ್ವಳ ಟನ್ನಿನ ಮೇಲೆಯೇ ನಿಂತಿವೆ. ಒಟ್ಟು ತೂಕವೆಂಬುದು ಕಳೆಯುವ ಲೆಕ್ಕಕ್ಕೆ ಬೇಕಾದ ಮೇಲಿನ ಸಾಲು ಮಾತ್ರ ಎಂಬಂತೆ ಉಳಿದುಬಿಡುತ್ತದೆ. ಆದರೆ ರಸ್ತೆಗೆ, ಬ್ರೇಕಿಗೆ, ಹುಕ್ಕಿನ ಪಿನ್ನಿಗೆ ನಿವ್ವಳ ತೂಕದ ಪರಿಚಯವಿಲ್ಲ. ಅವು ಹೊರುವುದು ಒಟ್ಟು ತೂಕವನ್ನು. ಅದೇ ಚೀಟಿಯ ಒಟ್ಟು ತೂಕವನ್ನು ವಾಹನದ ನೋಂದಣಿ ಪತ್ರದ ಪಕ್ಕದಲ್ಲಿಟ್ಟು ಓದುವುದನ್ನು ಕಲಿಸುವುದೇ ಈ ಲೇಖನದ ಉದ್ದೇಶ.

ಮಿತಿಗಳು ಎಲ್ಲಿ ಬರೆದಿರುತ್ತವೆ?

ಟ್ರೇಲರ್ ಎಂಬುದು ಟ್ರ್ಯಾಕ್ಟರಿನ ಬಾಲವಲ್ಲ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಅದಕ್ಕೆ ಪ್ರತ್ಯೇಕ ವ್ಯಾಖ್ಯೆ ಇದೆ. ಅದಕ್ಕೂ ಸ್ವಂತ ನೋಂದಣಿ ಸಂಖ್ಯೆ ಮತ್ತು ನೋಂದಣಿ ಪತ್ರ ಇರಬೇಕು. ನಮ್ಮ ಜನ ಆರ್.ಸಿ. ಬುಕ್ ಎನ್ನುವ ಆ ಪತ್ರದಲ್ಲಿ ಎರಡು ತೂಕಗಳನ್ನು ನೋಡಬೇಕು: ಹೇರಿಲ್ಲದ ತೂಕ ಮತ್ತು ಹೇರು ಸಹಿತವಾಗಿ ಅನುಮತಿಸಿದ ಗರಿಷ್ಠ ತೂಕ. ಕಾಯ್ದೆಯ 113ನೆಯ ಕಲಮು ಈ ಎರಡನ್ನೂ ಮಿತಿಯಾಗಿ ಹೇಳುತ್ತದೆ. ಹೇರು ತುಂಬಿದಾಗಿನ ತೂಕ ಗರಿಷ್ಠವನ್ನು ಮೀರಬಾರದು ಎಂಬುದು ಹಲವರಿಗೆ ಗೊತ್ತು. ಖಾಲಿ ವಾಹನದ ತೂಕವೂ ಪತ್ರದಲ್ಲಿ ನಮೂದಾದದ್ದನ್ನು ಮೀರಬಾರದು ಎಂಬುದು ಅಷ್ಟಾಗಿ ತಿಳಿದಿಲ್ಲ. ಟ್ರೇಲರಿಗೆ ಕಬ್ಬಿಣದ ಪಟ್ಟಿ ಬೆಸೆದು, ಹಲಗೆ ಎತ್ತರಿಸಿ, ದಪ್ಪ ಟಯರು ಹಾಕಿಸಿದಾಗ ಅದರ ಖಾಲಿ ತೂಕ ಏರುತ್ತದೆ, ಗರಿಷ್ಠ ಮಿತಿ ಮಾತ್ರ ಇದ್ದಲ್ಲೇ ಇರುತ್ತದೆ. ಅಂದರೆ ಹೆಚ್ಚು ಹೇರಲೆಂದು ಮಾಡಿದ ಮಾರ್ಪಾಡು, ನ್ಯಾಯವಾಗಿ ಹೇರಬಹುದಾದದ್ದನ್ನು ಕಡಿಮೆ ಮಾಡುತ್ತದೆ. ಈ ವಿಪರ್ಯಾಸವನ್ನು ಏಳನೆಯ ತರಗತಿಯ ಮಗು ವ್ಯವಕಲನದಿಂದಲೇ ಕಂಡುಕೊಳ್ಳಬಲ್ಲದು.

ಟ್ರ್ಯಾಕ್ಟರಿನ ಎಳೆಯುವ ಮಿತಿಯನ್ನು ತಯಾರಕರು ಕೊಡುವ ಕೈಪಿಡಿಯಲ್ಲಿ ನೋಡಬೇಕು. ಮಧ್ಯಪ್ರದೇಶದ ಬುಧನಿಯಲ್ಲಿರುವ ಕೇಂದ್ರ ಸರಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯು ಟ್ರ್ಯಾಕ್ಟರುಗಳನ್ನು ಪರೀಕ್ಷಿಸಿ, ಹುಕ್ಕಿನಲ್ಲಿ ಅವು ಎಷ್ಟು ಬಲದಿಂದ ಎಳೆಯಬಲ್ಲವು ಎಂಬುದನ್ನು ವರದಿಗಳಲ್ಲಿ ಪ್ರಕಟಿಸುತ್ತದೆ. ಊರ ಕಟ್ಟೆಯ ಮೇಲೆ ಮಾತ್ರ ಎಳೆಯುವ ಶಕ್ತಿಯನ್ನು ಎಚ್‌ಪಿಯಲ್ಲಿಯೇ ಅಳೆಯುತ್ತಾರೆ: “ಐವತ್ತ ಎಚ್‌ಪಿ ಐತಿ, ಏನ್ ಹೇರಿದ್ರೂ ಎಳಿತೈತಿ.” ಇದು ಎಷ್ಟು ಸರಿ ಎಂಬುದನ್ನು ಮುಂದಿನ ಲೆಕ್ಕದಲ್ಲಿ ನೋಡೋಣ.

ಒಂದು ಚೀಟಿಯ ಓದು

ಇಲ್ಲಿ ಕೊಡುವ ಅಂಕಿಗಳನ್ನು ಪಾಠಕ್ಕೆಂದು ನಾನು ಕಲ್ಪಿಸಿಕೊಂಡಿದ್ದೇನೆ. ತರಗತಿಯಲ್ಲಿಯೂ ಹೀಗೆಯೇ ಮಾಡಬೇಕೆಂಬುದು ನನ್ನ ಆಗ್ರಹದ ಸೂಚನೆ. ಮಗುವೊಂದು ತಂದ ನಿಜವಾದ ಚೀಟಿಯನ್ನು ಹಲಗೆಯ ಮೇಲೆ ಬಿಡಿಸಿದರೆ ಪಾಠವು ಆ ಮಗುವಿನ ತಂದೆಯ ವಿಚಾರಣೆಯಾಗಿಬಿಡುತ್ತದೆ. ಚೀಟಿಯ ನಮೂನೆಯನ್ನು ಮಾತ್ರ ನಿಜದಿಂದ ತೆಗೆದುಕೊಂಡು ಹೆಸರು, ನಂಬರು, ತೂಕಗಳನ್ನು ಬದಲಿಸಿ.

ಒಟ್ಟು ತೂಕ 27,460 ಕಿ.ಗ್ರಾಂ, ಖಾಲಿ ತೂಕ 6,380 ಕಿ.ಗ್ರಾಂ, ನಿವ್ವಳ 21,080 ಕಿ.ಗ್ರಾಂ ಎಂದಿಟ್ಟುಕೊಳ್ಳೋಣ. ಚಾಲಕ, ಡೀಸೆಲ್ ಸಹಿತ ಟ್ರ್ಯಾಕ್ಟರಿನ ತೂಕ 2,280. ಪ್ರತಿ ಟ್ರೇಲರಿನ ನೋಂದಣಿ ಪತ್ರದಲ್ಲಿ ಹೇರಿಲ್ಲದ ತೂಕ 1,800, ಗರಿಷ್ಠ ತೂಕ 8,000.

ಮೊದಲು ಖಾಲಿ ತೂಕವನ್ನೇ ಪರೀಕ್ಷಿಸಬೇಕು. 6,380ರಲ್ಲಿ ಟ್ರ್ಯಾಕ್ಟರಿನ 2,280 ಕಳೆದರೆ ಎರಡು ಖಾಲಿ ಟ್ರೇಲರುಗಳಿಗೆ 4,100 ಉಳಿಯುತ್ತದೆ. ಪತ್ರದ ಪ್ರಕಾರ ಅವು ಸೇರಿ 3,600 ಇರಬೇಕಾಗಿತ್ತು. 500 ಕಿ.ಗ್ರಾಂ ಕಬ್ಬಿಣ, ಹಲಗೆ, ಅಂಟಿದ ಮಣ್ಣು ಎಲ್ಲಿಂದಲೋ ಸೇರಿಕೊಂಡಿವೆ. ಹಾಗಾಗಿ ಎರಡು ಟ್ರೇಲರಿಗೆ ಹೇರಬಹುದಾದ ಕಬ್ಬು 12,400 ಅಲ್ಲ, 16,000ದಲ್ಲಿ 4,100 ಕಳೆದು 11,900 ಕಿ.ಗ್ರಾಂ ಮಾತ್ರ. ಈಗ ಹೇರು ಸಹಿತ ತೂಕ. 27,460ರಲ್ಲಿ 2,280 ಕಳೆದರೆ ಎರಡೂ ಟ್ರೇಲರುಗಳು ಸೇರಿ 25,180. ಮಿತಿ 16,000. ಹೆಚ್ಚುವರಿ 9,180 ಕಿ.ಗ್ರಾಂ, ಅಂದರೆ ಮಿತಿಯ ಮೇಲೆ ಶೇಕಡ 57ಕ್ಕಿಂತ ಅಧಿಕ.

ಇನ್ನೊಂದು ಮರೆಯಿದೆ. ಕಾಟಾ ಉದ್ದವಾಗಿದ್ದರೆ ಇಡೀ ಸಾಲು ಒಮ್ಮೆಲೇ ತೂಗಲ್ಪಡುತ್ತದೆ. ಆಗ ಯಾವ ಟ್ರೇಲರಿನಲ್ಲಿ ಎಷ್ಟಿದೆ ಎಂಬುದು ತಿಳಿಯುವುದಿಲ್ಲ. ಮುಂದಿನದು 11,300, ಹಿಂದಿನದು 13,880 ಇರಬಹುದು. ಮೊತ್ತವು ಮಿತಿಯೊಳಗೆ ಇದ್ದಾಗಲೂ ಒಂದು ಟ್ರೇಲರ್ ತನ್ನ ಮಿತಿಯನ್ನು ದಾಟಿರಬಹುದು. ಸರಾಸರಿ ಎಂಬ ಪಾಠಕ್ಕೆ, ಸರಾಸರಿಯು ಏನನ್ನು ಹೇಳುವುದಿಲ್ಲ ಎಂಬ ಪಾಠಕ್ಕೆ, ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಏರಿನಲ್ಲಿ ಮತ್ತು ಇಳಿಜಾರಿನಲ್ಲಿ

ಪತ್ರದಲ್ಲಿ ಬರೆದ ಮಿತಿಯನ್ನು ದಾಟಿದರೆ ಆಗುವುದೇನು? ‘ನಿಯಮ ಮುರಿದಂತಾಯಿತು’ ಎಂದಷ್ಟೇ ಹೇಳಿದರೆ ಮಕ್ಕಳು ಒಪ್ಪುವುದಿಲ್ಲ, ಒಪ್ಪಲೂಬಾರದು. ಬಲದ ಲೆಕ್ಕವನ್ನು ಅವರ ಮುಂದಿಡಬೇಕು. ಒಂಬತ್ತು, ಹತ್ತನೆಯ ತರಗತಿಗಳಿಗೆ ಇದು ಹೊಂದುತ್ತದೆ. ಲೆಕ್ಕ ಸುಲಭವಾಗಲೆಂದು ಬಲವನ್ನು ನ್ಯೂಟನ್ನಿನ ಬದಲು ಕಿಲೋಗ್ರಾಂ ಭಾರದಲ್ಲಿ ಹೇಳುತ್ತೇನೆ, ಕೊನೆಗೆ 9.8ರಿಂದ ಗುಣಿಸಿ ನ್ಯೂಟನ್ನಿಗೆ ತರುವ ಕೆಲಸವನ್ನು ಮಕ್ಕಳಿಗೇ ಬಿಡಿ.

ಡಾಂಬರು ರಸ್ತೆಯಲ್ಲಿ ಚಕ್ರಗಳು ಉರುಳುವಾಗ ಎದುರಾಗುವ ತಡೆಯು ಒಟ್ಟು ತೂಕದ ಶೇಕಡ 2 ಎಂದು ಹಿಡಿಯೋಣ. ಹೊಲದ ಮೆದು ಮಣ್ಣಿನಲ್ಲಿ ಅದು ಹಲವು ಪಟ್ಟು ಹೆಚ್ಚು. 25 ಮೀಟರಿಗೆ 1 ಮೀಟರ್ ಏರುವ ರಸ್ತೆಯಲ್ಲಿ ಹಿಂದಕ್ಕೆ ಜಗ್ಗುವ ಬಲ ಒಟ್ಟು ತೂಕದ 25ನೆಯ ಒಂದು ಭಾಗ. ನಮ್ಮ ಸಾಲಿಗೆ ಏರಿನ ಜಗ್ಗು ಸುಮಾರು 1,098, ಉರುಳುವ ತಡೆ 549, ಒಟ್ಟು 1,647 ಕಿಲೋಗ್ರಾಂ ಭಾರ. ಇಷ್ಟು ಬಲವನ್ನು ಟ್ರ್ಯಾಕ್ಟರ್ ಎಲ್ಲಿಂದ ತರಬೇಕು? ಎಂಜಿನ್ನು ಚಕ್ರವನ್ನು ತಿರುಗಿಸಬಲ್ಲದು, ಆದರೆ ಆ ಚಕ್ರವು ನೆಲವನ್ನು ಹಿಡಿದು ಒತ್ತಬೇಕು. ಆ ಹಿಡಿತವೇ ಘರ್ಷಣೆ, ಅದು ಹಿಂಚಕ್ರದ ಮೇಲಿರುವ ತೂಕಕ್ಕೆ ತಕ್ಕಷ್ಟೇ. ಹಿಂಚಕ್ರಗಳ ಮೇಲೆ 1,400 ಕಿ.ಗ್ರಾಂ, ಘರ್ಷಣೆಯ ಗುಣಾಂಕ 0.7 ಎಂದರೆ ದೊರೆಯುವ ಹಿಡಿತ 980. ಎಳೆಯುವಾಗ ಮುಂಭಾಗ ಹಗುರಾಗಿ ತೂಕವು ಹಿಂದಕ್ಕೆ ಸರಿಯುತ್ತದೆ ಎಂಬುದು ನಿಜ. ಮುಂಚಕ್ರಗಳು ನೆಲ ಬಿಟ್ಟೆದ್ದು, 2,280 ಕಿ.ಗ್ರಾಂ ಪೂರ್ತಿಯಾಗಿ ಹಿಂಚಕ್ರಗಳ ಮೇಲೆ ಬಂದಿತೆಂದೇ ತಿಳಿದರೂ ಹಿಡಿತ 1,596. ಆಗಲೂ 1,647ಕ್ಕೆ ಸಾಲದು.

ಐವತ್ತರ ಬದಲು ಎಂಬತ್ತು ಎಚ್‌ಪಿ ಇದ್ದರೂ, ಟ್ರ್ಯಾಕ್ಟರಿನ ತೂಕ ಇಷ್ಟೇ ಇದ್ದರೆ, ಈ ಉತ್ತರ ಬದಲಾಗುವುದಿಲ್ಲ. ಏರಿನಲ್ಲಿ ಇನ್ನೊಂದು ಟ್ರ್ಯಾಕ್ಟರನ್ನು ಮುಂದೆ ಕಟ್ಟಿ ಎಳೆಸುವುದನ್ನೂ, ಮುಂಚಕ್ರಗಳು ಗಾಳಿಯಲ್ಲಿ ಎದ್ದು ನಿಲ್ಲುವುದನ್ನೂ ನಮ್ಮ ಮಕ್ಕಳು ಕಣ್ಣಾರೆ ಕಂಡಿರುತ್ತಾರೆ. ಮುಂಚಕ್ರ ಎದ್ದಾಗ ಸ್ಟಿಯರಿಂಗ್ ತಿರುಗಿಸಿದರೆ ಏನಾಗುತ್ತದೆ ಎಂದು ಕೇಳಿ. ಉತ್ತರವನ್ನು ಅವರೇ ಹೇಳುತ್ತಾರೆ.

ಏರು ಅಪಮಾನದ ಸ್ಥಳವಾದರೆ ಇಳಿಜಾರು ಅಪಾಯದ ಸ್ಥಳ. ಟ್ರೇಲರುಗಳಿಗೆ ಸ್ವಂತ ಬ್ರೇಕು ಇಲ್ಲದಿದ್ದರೆ, ಇದ್ದೂ ಜೋಡಿಸಿರದಿದ್ದರೆ, ಇಡೀ ಸಾಲನ್ನು ನಿಲ್ಲಿಸುವ ಹೊಣೆ ಟ್ರ್ಯಾಕ್ಟರಿನ ಅದೇ ಎರಡು ಹಿಂಚಕ್ರಗಳದು, ಅದೇ 980ರ ಹಿಡಿತದ್ದು. ವೇಗ ಗಂಟೆಗೆ 20 ಕಿ.ಮೀ. ಎನ್ನೋಣ, ಅಂದರೆ ಸೆಕೆಂಡಿಗೆ ಸುಮಾರು 5.56 ಮೀಟರ್. ಖಾಲಿ ಸಾಲಿಗೆ ತಡೆಯುವ ಬಲ 980 ಮತ್ತು ಉರುಳುವ ತಡೆಯ 128 ಸೇರಿ 1,108. ಅದನ್ನು 6,380ರಿಂದ ಭಾಗಿಸಿ 9.8ರಿಂದ ಗುಣಿಸಿದರೆ ವೇಗ ಕುಗ್ಗುವ ಪ್ರಮಾಣ ದೊರೆಯುತ್ತದೆ. ವೇಗದ ವರ್ಗವನ್ನು ಅದರ ಎರಡರಷ್ಟರಿಂದ ಭಾಗಿಸಿದರೆ ನಿಲ್ಲಲು ಬೇಕಾದ ದೂರ. ಸಮತಟ್ಟಾದ ರಸ್ತೆಯಲ್ಲಿ ಖಾಲಿ ಸಾಲು ಸುಮಾರು 9 ಮೀಟರಿನಲ್ಲಿ ನಿಲ್ಲುತ್ತದೆ. 27,460 ಕಿ.ಗ್ರಾಂ ತೂಕದ ಸಾಲಿಗೆ ಅದೇ ರಸ್ತೆಯಲ್ಲಿ 28 ಮೀಟರ್ ಬೇಕು.

ಈಗ ಅದೇ 25ಕ್ಕೆ 1ರ ಇಳಿಜಾರಿಗೆ ಬನ್ನಿ. ಏರಿನಲ್ಲಿ ಹಿಂದಕ್ಕೆ ಜಗ್ಗಿದ 1,098 ಇಲ್ಲಿ ಮುಂದಕ್ಕೆ ನೂಕುತ್ತದೆ. ತಡೆಯುವ 980 ಮತ್ತು 549ರಲ್ಲಿ ಅದನ್ನು ಕಳೆದರೆ ಉಳಿಯುವುದು 431 ಮಾತ್ರ. ನಿಲ್ಲಲು ಬೇಕಾದ ದೂರ ಸುಮಾರು 100 ಮೀಟರ್. ಚಾಲಕನು ಕಂಡು, ತಿಳಿದು, ಕಾಲಿಡುವಷ್ಟರಲ್ಲಿ ಸಾಗುವ ದೂರ ಇದರಲ್ಲಿ ಸೇರಿಲ್ಲ. ಟ್ರೇಲರುಗಳು ಪತ್ರದ ಮಿತಿಯಾದ 16,000ದೊಳಗೆ ಇದ್ದಿದ್ದರೆ ಸಾಲಿನ ಒಟ್ಟು ತೂಕ 18,280; ಆಗ ಅದೇ ಇಳಿಜಾರಿನಲ್ಲಿ 47 ಮೀಟರ್ ಸಾಕಾಗುತ್ತಿತ್ತು. ತೂಕ ಒಂದೂವರೆ ಪಟ್ಟಾದರೆ ದೂರವೂ ಒಂದೂವರೆ ಪಟ್ಟಾಗುತ್ತದೆಂದು ಎಣಿಸುವುದು ಸಹಜ. ಇಲ್ಲಿ ಅದು ಎರಡು ಪಟ್ಟನ್ನೂ ಮೀರಿದೆ, ಏಕೆಂದರೆ ತೂಕದೊಂದಿಗೆ ನೂಕುವ ಬಲ ಬೆಳೆಯಿತು, ಬ್ರೇಕಿನ ಹಿಡಿತ ಬೆಳೆಯಲಿಲ್ಲ. ಈ 47 ಮತ್ತು 100 ಮೀಟರುಗಳನ್ನು ಶಾಲೆಯ ಮೈದಾನದಲ್ಲಿ ಹೆಜ್ಜೆ ಹಾಕಿ ಅಳೆಸಿ, ಎರಡೂ ಕೊನೆಗಳಲ್ಲಿ ಒಬ್ಬೊಬ್ಬ ವಿದ್ಯಾರ್ಥಿಯನ್ನು ನಿಲ್ಲಿಸಿ. ಹಲಗೆಯ ಮೇಲಿನ ಅಂಕಿಗಿಂತ ಅದು ಹೆಚ್ಚು ಹೇಳುತ್ತದೆ.

ಇದು ಸರಳೀಕರಿಸಿದ ಲೆಕ್ಕ ಎಂಬುದನ್ನು ಮೇಲಿನ ತರಗತಿಗಳಲ್ಲಿ ತಿಳಿಸಬೇಕು. ಬ್ರೇಕು ಹಾಕಿದಾಗ ತೂಕವು ಹಿಂಚಕ್ರದಿಂದ ಮುಂದಕ್ಕೆ ಸರಿಯುತ್ತದೆ, ರಸ್ತೆಯ ಮೇಲೆ ಮಣ್ಣೋ ಕಬ್ಬಿನ ರವುದಿಯೋ ಬಿದ್ದಿದ್ದರೆ 0.7ರ ಹಿಡಿತ ಸಿಗುವುದಿಲ್ಲ. ಎರಡೂ ಕಾರಣಗಳು ದೂರವನ್ನು ಹೆಚ್ಚಿಸುವಂಥವೇ.

ಕಣ್ಣಳತೆಯ ಮಾತು

ಹೇರಿನ ಎತ್ತರವನ್ನು ನೋಡಿ ತೂಕ ಹೇಳಬಲ್ಲೆವೆಂಬ ವಿಶ್ವಾಸ ಅನೇಕರಿಗಿದೆ. ಆದೋನಿ ಭಾಗದ ಶಿಕ್ಷಕರು ಹತ್ತಿಯ ಹೇರನ್ನು ದಿನವೂ ಕಾಣುತ್ತಾರೆ: ಬೆಟ್ಟದಂತೆ ಕಂಡರೂ ಹಗುರ. ಇದಕ್ಕೆ ತದ್ವಿರುದ್ಧ ಜಲ್ಲಿಕಲ್ಲು. ಮೂರೂವರೆ ಮೀಟರ್ ಉದ್ದ, 2 ಮೀಟರ್ ಅಗಲ, 0.6 ಮೀಟರ್ ಎತ್ತರದ ಟ್ರೇಲರಿನ ಘನಅಳತೆ 4.2 ಘನ ಮೀಟರ್. ಒಂದು ಘನ ಮೀಟರ್ ಜಲ್ಲಿ ಸುಮಾರು 1.5 ಟನ್ ತೂಗುತ್ತದೆ. ಹಲಗೆಯ ಮಟ್ಟಕ್ಕೆ, ಒಂದು ಕಲ್ಲೂ ಮೇಲೆದ್ದು ಕಾಣದಂತೆ ತುಂಬಿದರೂ 6.3 ಟನ್. ನಮ್ಮ ಉದಾಹರಣೆಯ ಟ್ರೇಲರಿಗೆ ಪತ್ರದ ಪ್ರಕಾರ ಹೇರಬಹುದಾದದ್ದು 6.2 ಟನ್. ನೋಡಿದವರು ಅದನ್ನು ಅರ್ಧ ಹೇರು ಎಂದಾರು. ಸಾಂದ್ರತೆಯ ಪಾಠವನ್ನು ಇಲ್ಲಿಂದಲೇ ಆರಂಭಿಸಬಹುದು.

ಕಬ್ಬಿನಲ್ಲಿ ಅಂದಾಜಿಗೆ ಒಂದು ದಾರಿಯಿದೆ. ಟೋಳಿಯವರು ಕಬ್ಬನ್ನು ಹೊರೆ ಕಟ್ಟಿ ಏರಿಸುತ್ತಾರೆ. ನಮ್ಮ ಗಡಿಯಲ್ಲಿ ಅದನ್ನು ‘ಮೋಳಿ’ ಎನ್ನುವವರೂ ಇದ್ದಾರೆ. ಐದು ಹೊರೆಗಳನ್ನು ತೂಗಿ ಸರಾಸರಿ ತೆಗೆದು, ಏರಿಸಿದ ಹೊರೆಗಳ ಎಣಿಕೆಯಿಂದ ಗುಣಿಸಿದರೆ ಹೊಲದಲ್ಲಿಯೇ ಒಂದು ಅಂದಾಜು ಸಿಗುತ್ತದೆ. ಹಂಗಾಮಿನಲ್ಲಿ ಶಾಲೆಗೆ ಬಂದು ಸೇರುವ ಟೋಳಿಗಳ ಮಕ್ಕಳು, ಸಕ್ಕರೆ ಶಾಲೆಗಳಲ್ಲಿ ಕಲಿಯುವ ಮಕ್ಕಳು, ಈ ವಿಷಯದಲ್ಲಿ ಉಳಿದವರಿಗೆ ಗುರುಗಳಾಗಬಲ್ಲರು. ಒಂದು ಟ್ರೇಲರಿಗೆ ಎಷ್ಟು ಹೊರೆ ಹಿಡಿಯುತ್ತದೆ, ಯಾವ ಕಬ್ಬು ತೂಕ ಬರುತ್ತದೆ, ಹೊರೆಗಳನ್ನು ಹೇಗೆ ಅಡ್ಡಗಟ್ಟಬೇಕು ಎಂಬುದು ಅವರಿಗೆ ಗೊತ್ತು. ತರಗತಿಯ ಹಿಂದಿನ ಸಾಲಿನಲ್ಲಿ ಮೌನವಾಗಿ ಕೂರುವ ಈ ಮಕ್ಕಳ ಬಾಯಿ ತೆರೆಸಲು ಇಂಥ ಅವಕಾಶ ಮತ್ತೆ ಸಿಗಲಿಕ್ಕಿಲ್ಲ.

ಒಂದೊಂದಾಗಿ ತೂಗುವ ಬಗೆ

ನಿಜವಾದ ತೂಕ ಬೇಕಾದರೆ ಟ್ರ್ಯಾಕ್ಟರನ್ನು ಬೇರೆ, ಪ್ರತಿ ಟ್ರೇಲರನ್ನು ಬೇರೆ ತೂಗಬೇಕು. ನಾಲ್ಕು ಚಕ್ರದ ಟ್ರೇಲರಿನಲ್ಲಿ ಎಳೆಯುವ ದಂಡವು ಕೀಲಿನ ಮೇಲೆ ಆಡುತ್ತದೆ. ಹೇರೆಲ್ಲ ಅದರ ಸ್ವಂತ ಚಕ್ರಗಳ ಮೇಲೆಯೇ ಇರುತ್ತದೆ. ಆದುದರಿಂದ ಹುಕ್ಕು ಬಿಚ್ಚದೆ ಟ್ರೇಲರನ್ನಷ್ಟೇ ಕಾಟಾದ ಮೇಲೆ ನಿಲ್ಲಿಸಿದರೂ ತೂಕ ಬಹುಮಟ್ಟಿಗೆ ಸರಿಯಾಗಿ ಬರುತ್ತದೆ. ಎರಡು ಚಕ್ರದ ಟ್ರೇಲರ್ ಹಾಗಲ್ಲ. ಅದು ಸನ್ನೆಗೋಲಿನಂತೆ; ಅಚ್ಚಿನ ಮುಂದಕ್ಕೆ ಬಿದ್ದ ತೂಕದ ಒಂದು ಪಾಲು ಟ್ರ್ಯಾಕ್ಟರಿನ ಹುಕ್ಕಿನ ಮೇಲೆ ಕೂರುತ್ತದೆ. ಜೋಡಿಸಿದ ಸ್ಥಿತಿಯಲ್ಲಿ ತೂಗಿದರೆ ಆ ಪಾಲು ಕಾಟಾದಲ್ಲಿ ಕಾಣುವುದಿಲ್ಲ. ಹೇರು ಅಚ್ಚಿನ ಹಿಂದಕ್ಕೆ ಹೆಚ್ಚಾದರೆ ಹುಕ್ಕು ಮೇಲಕ್ಕೆ ಎತ್ತಲ್ಪಟ್ಟು, ಟ್ರ್ಯಾಕ್ಟರಿನ ಹಿಂಚಕ್ರಗಳೇ ಹಗುರಾಗುತ್ತವೆ. ಮೊದಲೇ ಸಾಲದಾಗಿದ್ದ 980ರ ಹಿಡಿತ ಇನ್ನೂ ಇಳಿಯುತ್ತದೆ. ಒಂದು ಅಡಿಪಟ್ಟಿ, ಒಂದು ಪೆನ್ಸಿಲ್, ನಾಲ್ಕು ನಾಣ್ಯಗಳಿಂದ ಇದನ್ನು ಮೇಜಿನ ಮೇಲೆ ತೋರಿಸಬಹುದು. ಕಾಟಾದ ಮೇಲೆ ಕಾನೂನು ಮಾಪನ ಇಲಾಖೆಯ ಪರಿಶೀಲನಾ ಮುದ್ರೆ ಇದೆಯೇ ಎಂದು ನೋಡುವ ರೂಢಿಯನ್ನೂ ಹಾಕಿಸಿ.

ಕಾನೂನಿನ ಬಗ್ಗೆ ಎರಡು ಮಾತು ಸಾಕು. 114ನೆಯ ಕಲಮಿನ ಪ್ರಕಾರ ಅಧಿಕಾರಿಯು ವಾಹನವನ್ನು ತೂಕಕ್ಕೆ ಒಯ್ಯಲು ಹೇಳಬಹುದು. 2019ರ ತಿದ್ದುಪಡಿಯ ನಂತರ 194ನೆಯ ಕಲಮಿನಲ್ಲಿ ಅಧಿಕ ಹೇರಿಗೆ ₹20,000, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ ₹2,000 ದಂಡವಿದೆ. ಹೆಚ್ಚುವರಿ ಹೇರನ್ನು ಇಳಿಸುವ ಖರ್ಚು ಬೇರೆ. ನಮ್ಮ ಚೀಟಿಯ 9 ಟನ್ನಿಗೆ ₹38,000 ಆಗುತ್ತದೆ.

“ಸರ, ಟನ್ನಿನ ಮ್ಯಾಲೆ ರೊಕ್ಕ ಕೊಡ್ತಾರ್ರಿ. ಕಡಿಮಿ ಹೇರಿದ್ರ ನಮ್ಮ ಅಪ್ಪಗ ಹೆಂಗ್ ಗಿಟ್ಟತೈತ್ರಿ?” ಪಾಠ ಇಲ್ಲಿಗೆ ಬಂದಾಗ ಈ ಪ್ರಶ್ನೆ ಬಂದೇ ಬರುತ್ತದೆ. ಅದನ್ನು ಉಪದೇಶದಿಂದ ಮುಚ್ಚಬೇಡಿ, ಅದು ಸರಿಯಾದ ಪ್ರಶ್ನೆ. ಅದನ್ನೇ ಲೆಕ್ಕವಾಗಿಸಿ. 21 ಟನ್ನನ್ನು ಒಂದು ಖೇಪಿನಲ್ಲಿ ಒಯ್ಯುವುದರ ಬದಲು 11.9 ಟನ್ನಿನಂತೆ ಎರಡು ಖೇಪು ಒಯ್ದರೆ ಡೀಸೆಲ್ ಎಷ್ಟು ಹೆಚ್ಚು, ಟಯರು, ಕ್ಲಚ್ಚು, ಪಿನ್ನುಗಳ ಖರ್ಚು ಎಷ್ಟು ಕಡಿಮೆ, ಕಾರ್ಖಾನೆಯ ಅಂಗಳದಲ್ಲಿ ನಂಬರಿಗಾಗಿ ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ಮನೆಯಲ್ಲಿ ಕೇಳಿಕೊಂಡು ಬರಲಿ. ಈ ಕೊನೆಯ ಅಂಕಿಯನ್ನು ಬೇರೆಯಾಗಿ ಬರೆಸಿ. ಹೊಲದಿಂದ ಕಾರ್ಖಾನೆಗೆ ಎರಡು ಗಂಟೆಯ ದಾರಿಯಿದ್ದು, ಅಂಗಳದಲ್ಲಿ ಹತ್ತು ಗಂಟೆ ಕಾಯಬೇಕಾಗಿದ್ದರೆ, ದಿನಕ್ಕೆ ಎರಡನೆಯ ಖೇಪು ಅಸಾಧ್ಯ. ಆಗ ಮೇಲೆ ಹೇರುವ ಪ್ರತಿ ಹೊರೆಗೂ ಕಾರಣ ಚಾಲಕನ ಆಸೆಯಲ್ಲ, ಅಂಗಳದ ಆ ಸಾಲು ಎಂಬುದನ್ನು ತರಗತಿ ತಾನೇ ಲೆಕ್ಕದಿಂದ ಕಾಣುತ್ತದೆ. ಮಕ್ಕಳು ತಂದ ಕಾಯುವ ಗಂಟೆಗಳನ್ನು ಸ್ತಂಭಾಲೇಖದಲ್ಲಿ ಬಿಡಿಸಿ, ನಿಲ್ಲುವ ದೂರದ ಆಲೇಖದ ಪಕ್ಕದಲ್ಲಿ ಗೋಡೆಗೆ ಅಂಟಿಸಿ. ಪಾಲಕರ ಸಭೆಯ ದಿನ ಅದನ್ನು ತೆಗೆಯಬೇಡಿ.